ಸತ್ಯಾಂಶ: ಒಂದು ಫುಟ್‌ಬಾಲ್ ಪಂದ್ಯ ಎರಡು ದೇಶಗಳ ನಡುವೆ ಯುದ್ಧ ಹಚ್ಚಿತೇ?

‘ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ಒಂದು ಫುಟ್‌ಬಾಲ್ ಪಂದ್ಯಕ್ಕಾಗಿ ಯುದ್ಧ ಮಾಡಿದವು’ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತದೆ. ಅರ್ಧ ಮಾತ್ರ ನಿಜ.

1969ರ ಜೂನ್‌ನಲ್ಲಿ ವಿಶ್ವಕಪ್ ಅರ್ಹತೆಗಾಗಿ ಮಧ್ಯ ಅಮೆರಿಕದ ಈ ಎರಡು ನೆರೆ ದೇಶಗಳ ತಂಡಗಳು ಮೂರು ಸಲ ಸೆಣಸಿದವು. ಎದುರಾಳಿ ಆಟಗಾರರು ನಿದ್ದೆಗೆಡಲಿ ಎಂದು ಹೋಟೆಲ್ ಹೊರಗೆ ರಾತ್ರಿಯಿಡೀ ಗದ್ದಲ, ಪಟಾಕಿ. ಬೀದಿಯಲ್ಲಿ ಅಭಿಮಾನಿಗಳಿಗೆ ಹೊಡೆತ. ನಿರ್ಣಾಯಕ ಪಂದ್ಯವನ್ನು ಮೆಕ್ಸಿಕೊ ಸಿಟಿಗೆ ಒಯ್ಯಬೇಕಾಯಿತು. ಎಲ್ ಸಾಲ್ವಡಾರ್ 3–2ರಿಂದ ಗೆದ್ದಿತು. ಜುಲೈ 14ರಂದು ಅದರ ಸೇನೆ ಗಡಿ ದಾಟಿತು. ಸೋತವರಲ್ಲ, ಗೆದ್ದವರೇ ದಾಳಿ ಮಾಡಿದ್ದು! ಕಥೆ ಅಲ್ಲೇ ಅಲುಗಾಡುತ್ತದೆ.

ಜಗಳದ ಬೇರು ಇದ್ದದ್ದು ಜಮೀನಿನಲ್ಲಿ. ಪುಟ್ಟ ಎಲ್ ಸಾಲ್ವಡಾರ್‌ನಲ್ಲಿ ಹೊಲವೆಲ್ಲ ಕೆಲವೇ ಕುಟುಂಬಗಳ ಕೈಯಲ್ಲಿ. ಐದು ಪಟ್ಟು ದೊಡ್ಡದಾದ ಹೊಂಡುರಾಸ್‌ಗೆ ಸುಮಾರು 3 ಲಕ್ಷ ಜನ ಗುಳೆ ಹೋಗಿ ಉಳುಮೆ ಮಾಡಿಕೊಂಡಿದ್ದರು. ಹೊಂಡುರಾಸ್ 1962ರ ಭೂಸುಧಾರಣಾ ಕಾಯ್ದೆ ಹಿಡಿದು ಅವರನ್ನು ಒಕ್ಕಲೆಬ್ಬಿಸತೊಡಗಿತು. ಗಂಟುಮೂಟೆ ಹೊತ್ತ ಕುಟುಂಬಗಳು ಗಡಿಯತ್ತ ಹೊರಟಾಗ ಪತ್ರಿಕೆಗಳೂ ರಾಜಕಾರಣಿಗಳೂ ಸಿಟ್ಟಿಗೆ ಗಾಳಿ ಊದಿದರು. ಪಂದ್ಯಗಳು ಬಂದದ್ದು ಆ ಹೊತ್ತಿಗೆ.

ಸುಮಾರು ನೂರು ಗಂಟೆಗಳ ಯುದ್ಧದಲ್ಲಿ ಸಾವಿರಾರು ಜನ ಸತ್ತರು. ಮುಂದಿನ ವರ್ಷ ವಿಶ್ವಕಪ್‌ಗೆ ಹೋದ ಎಲ್ ಸಾಲ್ವಡಾರ್ ಒಂದೂ ಗೋಲು ಹೊಡೆಯದೆ ಮರಳಿತು.