ಹುಲ್ಲಿನ ನಡುವೆ ಮೂರು ಮೊಟ್ಟೆ

“ಹುಡುಗರು ಉತ್ಸಾಹದಿಂದ ಮಾಡುತ್ತಿದ್ದಾರೆ, ತಣ್ಣೀರೆರಚಬೇಡಿ.” ಊರಾಚೆಯ ಹುಲ್ಲುಗುಡ್ಡದ ಮೇಲೆ ಈ ಮಳೆಗಾಲದಲ್ಲಿ ಸಸಿ ನೆಡುವುದು ಬೇಡ ಎಂದಾಗ ಹಿರಿಯರೊಬ್ಬರು ನನಗೆ ಹೇಳಿದ ಮಾತಿದು. ಎರಡು ದಿನದಿಂದ ಮನಸ್ಸನ್ನು ಕೊರೆಯುತ್ತಿದೆ. ಉತ್ಸಾಹ ಎಂದಕೂಡಲೇ ಸರಿ ತಪ್ಪಿನ ಮಾತೇ ಎತ್ತಬಾರದೇ?

ಎಂಟು ವರ್ಷದ ಹಿಂದೆ ಇದೇ ಗುಡ್ಡಕ್ಕೆ ನಾನೂ ಬೀಜದುಂಡೆಗಳ ಚೀಲ ಹೊತ್ತು ಹೋಗಿದ್ದೆ. ಮಣ್ಣು, ಸಗಣಿ ಕಲಸಿ ಒಳಗೆ ಹೊಂಗೆ, ಹುಣಸೆಯ ಬೀಜವಿಟ್ಟು ರಾತ್ರಿಯೆಲ್ಲ ಕಟ್ಟಿದ ಉಂಡೆಗಳು. ಬೋಳು ನೆಲಕ್ಕೆ ಕಾಡು ಕೊಡುತ್ತಿದ್ದೇವೆ ಎಂಬ ಸಂತೋಷ ಎದೆ ತುಂಬಿತ್ತು. ಕುರಿ ಮೇಯಿಸುತ್ತಿದ್ದ ಅಜ್ಜ ಸ್ವಲ್ಪ ಹೊತ್ತು ನೋಡುತ್ತಾ ನಿಂತು, ಆಮೇಲೆ ಕರೆದ. “ತಮ್ಮಾ, ಇಲ್ಲಿ ಬಾ, ಮೆಲ್ಲಗೆ ಕಾಲಿಡು.” ಕೋಲಿನ ತುದಿಯಿಂದ ಹುಲ್ಲಿನ ಬುಡವನ್ನು ಸರಿಸಿದ. ಅಂಗೈಯಷ್ಟು ಗುಳಿ, ಒಣಹುಲ್ಲಿನ ಹಾಸಿನ ಮೇಲೆ ಚುಕ್ಕೆ ಚುಕ್ಕೆಯ ಮೂರು ಪುಟ್ಟ ಮೊಟ್ಟೆ. “ಮರ ಎದ್ದರೆ ಮರದ ಮೇಲೆ ಕಾಗೆ ಕೂರುತ್ತದೆ. ಇದು ಉಳಿಯುತ್ತದೆಯೇ? ನನ್ನ ಕುರಿ ಎಲ್ಲಿ ಮೇಯಬೇಕು?”

ನನ್ನ ಬಳಿ ಉತ್ತರವಿರಲಿಲ್ಲ. ನಾವು ಬೋಳು ಎಂದುಕೊಂಡ ನೆಲ ತುಂಬಿದ ಮನೆಯಾಗಿತ್ತು.

ರಾಣೆಬೆನ್ನೂರಿನ ಕಥೆ ಗೊತ್ತಾದದ್ದು ಆಮೇಲೆ. 119 ಚದರ ಕಿಲೋಮೀಟರಿನ ಅಭಯಾರಣ್ಯ, 1974ರಲ್ಲಿ ಘೋಷಣೆಯಾದದ್ದು ಕೃಷ್ಣಮೃಗಗಳಿಗಾಗಿ. ಅವುಗಳಿಗೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ, ಓಡಲು ಅಡ್ಡಿಯಿಲ್ಲದ ಬಯಲು. ಅದರ ಬಹುಭಾಗವನ್ನು ತುಂಬಿಕೊಂಡದ್ದು ನೀಲಗಿರಿ ನೆಡುತೋಪು. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂಬ ದೊಡ್ಡ ಹಕ್ಕಿಗೂ ಆ ಬಯಲು ನೆಲೆಯಾಗಿತ್ತು. ಇಂದು ಅಲ್ಲಿ ಆ ಹಕ್ಕಿ ಕಾಣುವುದಿಲ್ಲ. ನೆಟ್ಟವರಲ್ಲಿ ಎಷ್ಟೋ ಮಂದಿ ಹಸಿರು ಹೆಚ್ಚುತ್ತದೆಂದು ಮನಸಾರೆ ನಂಬಿದ್ದಿರಬೇಕು. ಆ ನಂಬಿಕೆಯಿಂದ ಹುಲ್ಲು ಮರಳಿ ಬರಲಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಕೋಲಾರದ ರೈತರು ಬತ್ತಿದ ಕೊಳವೆಬಾವಿಗಳ ಮುಂದೆ ಎಷ್ಟೋ ವರ್ಷ ನಿಂತ ಮೇಲೆ.

ಆದ್ದರಿಂದ ಸ್ಪಷ್ಟವಾಗಿಯೇ ಹೇಳುತ್ತೇನೆ: ಉತ್ಸಾಹವೂ ತಪ್ಪಾಗಬಹುದು. ಮನಸ್ಸು ಒಳ್ಳೆಯದಿದ್ದ ಮಾತ್ರಕ್ಕೆ ನೆಲ ಅದನ್ನು ಮನ್ನಿಸುವುದಿಲ್ಲ.

ಹಾಗೆಂದು ಮರ ನೆಡುವವರ ಮೇಲೆ ನನಗೆ ಸಿಟ್ಟಿಲ್ಲ. ಸಾಲುಮರದ ತಿಮ್ಮಕ್ಕನನ್ನು ನೆನೆದರೆ ಈಗಲೂ ಕಣ್ಣು ತೇವವಾಗುತ್ತದೆ. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಂಚಿಗೆ ಆಕೆ, ಗಂಡ ಚಿಕ್ಕಯ್ಯ ಆರಿಸಿಕೊಂಡದ್ದು ಆಲದ ಸಸಿ. ಬಿಸಿಲಲ್ಲಿ ನಡೆಯುವವರಿಗೆ ಬೇಕಾದ ನೆರಳು. ನೆಟ್ಟ ದಿನಕ್ಕೇ ಮುಗಿಯಲಿಲ್ಲ, ಬಿಂದಿಗೆಯಲ್ಲಿ ನೀರು ಹೊತ್ತರು, ದನ ತಿನ್ನದಂತೆ ಮುಳ್ಳು ಕಟ್ಟಿದರು. ಗಿಡಕ್ಕೂ ಜಾಗಕ್ಕೂ ಹೊಂದುವ ಉತ್ಸಾಹ ಅದು. ವನಮಹೋತ್ಸವದಲ್ಲಿ ನೆಟ್ಟು ಮಾರ್ಚ್ ಬರುವ ಹೊತ್ತಿಗೆ ಮರೆತುಬಿಡುವ ಸಂಭ್ರಮವನ್ನು ಅದರ ಪಕ್ಕದಲ್ಲಿಡಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಹುಡುಗರಿಗೆ ಆ ಶಕ್ತಿಯಿದೆ. ಅದಕ್ಕೇ ಅವರ ಬಳಿ ಸುಮ್ಮನಿರಲಾರೆ. ಗುಂಡಿ ತೋಡುವ ಮೊದಲು ಒಂದು ಬೆಳಿಗ್ಗೆ ಕುರಿಗಾಹಿಗಳ ಜೊತೆ ಗುಡ್ಡ ಹತ್ತೋಣ ಎಂದು ಕೇಳಿಕೊಂಡಿದ್ದೇನೆ. ತಂದಿರುವ ಸಸಿಗಳಿಗೆ ಸರ್ಕಾರಿ ಶಾಲೆಯ ಹಿಂದಿನ ಜಾಗವಿದೆ, ಸಂತೆಗೆ ಹೋಗುವ ರಸ್ತೆಯಿದೆ; ಎರಡು ಕಡೆಯೂ ನೀರಿನ ನಲ್ಲಿ ಹತ್ತಿರ. ಇಬ್ಬರು ಬರುತ್ತೇವೆ ಎಂದಿದ್ದಾರೆ. ಭಾನುವಾರ, ಆರು ಗಂಟೆಗೆ.