ಕಣ್ಣು ಮುಚ್ಚಿ ಕುಡಿಯತಕ್ಕದ್ದು

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುವುದು ನಮ್ಮಲ್ಲಿ ಬರೀ ಗಾದೆ. ಅದನ್ನೇ ಕಾಯ್ದೆ ಮಾಡಿ 40 ವರ್ಷದಿಂದ ಶ್ರದ್ಧೆಯಿಂದ ಪಾಲಿಸುತ್ತ ಬಂದವರು ಇಂಗ್ಲೆಂಡಿನವರು. ಅಲ್ಲಿ ಹಾಲಿನ ಜಾಗದಲ್ಲಿ ಬಿಯರ್, ಬೆಕ್ಕಿನ ಜಾಗದಲ್ಲಿ ಫುಟ್‌ಬಾಲ್ ಪ್ರೇಕ್ಷಕ. ಮೈದಾನದಲ್ಲಿ ಕುಡಿಯಬಹುದು, ಕುಡಿಯುತ್ತ ಆಟ ನೋಡಕೂಡದು.

ಈ ಮಜಾ ನೋಡಲು ದೊಡ್ಡ ಸ್ಟೇಡಿಯಂ ಬೇಡ, ನಾನ್-ಲೀಗ್ ಮೈದಾನಕ್ಕೆ ಹೋಗಬೇಕು. ನಾನ್-ಲೀಗ್ ಅಂದರೆ ಮೇಲಿನ ನಾಲ್ಕು ಹಂತದ 92 ಕ್ಲಬ್ಬುಗಳ ಕೆಳಗಿರುವ ಲೋಕ. ವಾರವಿಡೀ ನಲ್ಲಿ ರಿಪೇರಿ ಮಾಡಿದವನು ಶನಿವಾರ ಗೋಲ್‌ಕೀಪರ್. ಸೋತವರು ಮನೆಗೆ ಎನ್ನುವ ಇಂಗ್ಲೆಂಡಿನ ಟೂರ್ನಿ ಎಫ್‌ಎ ಕಪ್‌ಗೆ ಇಂಥವೂ ಸೇರಿ ಏಳುನೂರಕ್ಕೂ ಹೆಚ್ಚು ತಂಡಗಳು ಇಳಿಯುತ್ತವೆ. ಆಗಸ್ಟ್ ಮೊದಲಿಗೇ ನಡೆಯುವ ಎಕ್ಸ್‌ಟ್ರಾ ಪ್ರಿಲಿಮಿನರಿ ಸುತ್ತಿನಿಂದ ಹೊರಟವರು ಕಪ್ ಎತ್ತಬೇಕಾದರೆ 14 ಸುತ್ತು ದಾಟಬೇಕು. ಅದರಲ್ಲಿ ಮೊದಲ ಆರು ಬರೀ ಅರ್ಹತೆಗೆ.

ಆ ಆರು ಸುತ್ತು ಸ್ವರ್ಗ. ಮಧ್ಯಾಹ್ನ ಮೂರಕ್ಕೆ ಆಟ. ಮೈದಾನದ ಸುತ್ತ ಸೊಂಟದೆತ್ತರದ ಕಂಬಿ. ಅದಕ್ಕೆ ಮೊಣಕೈ ಊರಿ ನಿಂತವರ ಒಂದು ಕೈಯಲ್ಲಿ ಪ್ಲಾಸ್ಟಿಕ್ ಲೋಟದ ಬಿಯರ್, ಇನ್ನೊಂದರಲ್ಲಿ ನಾಯಿಯ ಹಗ್ಗ. ಲೈನ್ಸ್‌ಮನ್ನಿನ ಕಿವಿ ನಾಲ್ಕಡಿ ದೂರ, ಬೈಯಲು ಗಂಟಲು ಹರಿದುಕೊಳ್ಳಬೇಕಿಲ್ಲ. ವಿರಾಮದಲ್ಲಿ ಒಂದು ಗೋಲಿನ ಹಿಂದೆ ನಿಂತವರೆಲ್ಲ ಲೋಟ ಸಮೇತ ಇನ್ನೊಂದು ಗೋಲಿನ ಹಿಂದಕ್ಕೆ ಗುಳೆ ಹೋಗುತ್ತಾರೆ. ಜಗತ್ತಿನ ಅತಿ ಹಳೆಯ ಕ್ಲಬ್ಬಾದ 1857ರ ಶೆಫೀಲ್ಡ್ ಎಫ್‌ಸಿ ಡ್ರಾನ್‌ಫೀಲ್ಡ್‌ನಲ್ಲಿ ಆಡುವುದೇ ಒಂದು ಪಬ್ಬಿನ ಹಿತ್ತಲಲ್ಲಿ. ಇಲ್ಲಿ ಆಟ ಮತ್ತು ಬಿಯರು ಅಣ್ಣತಮ್ಮಂದಿರು, ಅದೂ ಆಸ್ತಿ ಪಾಲಾಗದವರು.

ಏಳನೇ ಸುತ್ತಿಗೆ ಪಾಲಾಗುತ್ತದೆ. ಅದಕ್ಕೆ ‘ಫಸ್ಟ್ ರೌಂಡ್ ಪ್ರಾಪರ್’ ಎಂದು ಹೆಸರು. ಅಂದರೆ ಆರು ಸುತ್ತು ಗೆದ್ದ ಮೇಲೆ ಮೊದಲನೆಯದು. ಆ ದಿನ 1985ರ ಕಾಯ್ದೆ ಎದ್ದು ಕೂರುತ್ತದೆ. ಕ್ರೀಡಾ ಪಂದ್ಯಗಳ ‘ಮದ್ಯ ಇತ್ಯಾದಿ’ ನಿಯಂತ್ರಣ ಕಾಯ್ದೆ. ಆ ವರ್ಷದ ಮಾರ್ಚ್‌ನಲ್ಲಿ ಲೂಟನ್ ಮೈದಾನದಲ್ಲಿ ದೊಂಬಿ, ಮೇ ತಿಂಗಳಲ್ಲಿ ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಇಂಗ್ಲಿಷ್ ಪ್ರೇಕ್ಷಕರ ದಾಂಧಲೆಗೆ 39 ಸಾವು. ಥ್ಯಾಚರ್ ಸರ್ಕಾರಕ್ಕೆ ಸಿಟ್ಟು ಬಂದದ್ದು ಸರಿಯೇ. ಸಿಟ್ಟು ಇಳಿಯಿತು, ಕಾಯ್ದೆ ಇಳಿಯಲಿಲ್ಲ. ಪಂದ್ಯಕ್ಕೆ ಎರಡು ಗಂಟೆ ಮೊದಲಿನಿಂದ ಮುಗಿದು ಒಂದು ಗಂಟೆಯವರೆಗೆ, ಮೈದಾನದೊಳಗೆ ಸಾರ್ವಜನಿಕರಿಗೆ ಆಟ ‘ನೇರವಾಗಿ’ ಕಾಣುವ ಯಾವ ಜಾಗದಲ್ಲೂ ಕೈಯಲ್ಲಿ ಮದ್ಯ ಇರಕೂಡದು. ಇದ್ದರೆ ಮೂರು ತಿಂಗಳ ಜೈಲಿನವರೆಗೆ ದಾರಿ ತೆರೆದಿದೆ. ಯಾವ ಪಂದ್ಯಗಳಿಗೆ ಎಂಬುದನ್ನು 2005ರ ಆದೇಶ ಹೇಳುತ್ತದೆ: ಮೇಲಿನ ಐದು ಹಂತದ ಕ್ಲಬ್ಬು ಆಡುವ ಪಂದ್ಯ, ಜೊತೆಗೆ ಎಫ್‌ಎ ಕಪ್, ಆದರೆ ಕಪ್‌ನ ಅರ್ಹತಾ ಸುತ್ತುಗಳನ್ನು ಹೊರತುಪಡಿಸಿ.

ಹೀಗಾಗಿ ನಾಲ್ಕನೇ ಅರ್ಹತಾ ಸುತ್ತಿನ ಡ್ರಾ ಎತ್ತುವಾಗ ಚೆಂಡಿನ ಜೊತೆ ಲೋಟದ ಭವಿಷ್ಯವೂ ಉರುಳುತ್ತದೆ. ಏಳನೇ ಹಂತದ ಕ್ಲಬ್ಬಿಗೆ ಎದುರಾಳಿ ಆರನೇ ಹಂತದವರಾದರೆ ಬಿಯರು ಕಂಬಿಯವರೆಗೆ ಬರಬಹುದು. ಐದನೇ ಹಂತದವರಾದರೆ ಬಾರಿನ ಬಾಗಿಲು ದಾಟುವಂತಿಲ್ಲ. ಊರು ಅದೇ, ಕುಡಿಯುವವನು ಅವನೇ, ಅವನ ಸಭ್ಯತೆ ಮಾತ್ರ ಎದುರಾಳಿಯ ಅಂಕಪಟ್ಟಿ ನೋಡಿಕೊಂಡು ಏರಿಳಿಯುತ್ತದೆ.

ಇನ್ನು ಪರದೆ. ಕ್ಲಬ್ಬಿನ ಬಾರನ್ನು ಕಟ್ಟಿದ್ದೇ ಮೈದಾನ ಕಾಣಲೆಂದು, ಒಂದು ಗೋಡೆಯುದ್ದಕ್ಕೂ ಗಾಜು. ಕಾಯ್ದೆಗೆ ತೊಂದರೆ ಬಿಯರಿನದಲ್ಲ, ಗಾಜಿನದು. ಆದ್ದರಿಂದ ಪರದೆ ಎಳೆಯುವುದು. ಪರದೆ ಸಾಲದಿದ್ದರೆ ಕಪ್ಪು ಕಸದ ಚೀಲವನ್ನು ಉದ್ದಕ್ಕೆ ಸೀಳಿ, ಅಂಚು ಒಂದರ ಮೇಲೊಂದು ಬರುವಂತೆ ಟೇಪ್ ಹಾಕಬೇಕು. ನವೆಂಬರ್ ಚಳಿಗೆ ಗಾಜು ಒಳಗಿಂದ ಬೆವರುತ್ತದೆ, ಟೇಪ್ ಹಿಡಿಯುವುದಿಲ್ಲ. ಅರ್ಧ ಗಂಟೆಯಲ್ಲಿ ಕೆಳಗಿನ ಮೂಲೆ ಮಡಚಿ ಅಂಗೈಯಗಲ ಸಂದು. ಅದರಲ್ಲಿ ಕಾರ್ನರ್ ಬಾವುಟ, ಅದರ ಪಕ್ಕ ಬಂದು ನಿಂತ ಒಂದು ಬೂಟು. ಬೂಟು ಕಂಡರೆ ಪಂದ್ಯ ಕಂಡಂತೆಯೇ? ಈ ಸೂಕ್ಷ್ಮವನ್ನು ತೀರ್ಮಾನಿಸಬೇಕಾದವನು ಹಳದಿ ಜಾಕೆಟ್ ತೊಟ್ಟ, ದಿನಗೂಲಿಯ ಸ್ಟೀವರ್ಡ್.

ಅದೇ ಬಾರಿನ ಗೋಡೆಯ ಟಿವಿಯಲ್ಲಿ ಅದೇ ಪಂದ್ಯ ಬರುತ್ತಿದ್ದರೆ ಮಾತ್ರ ಅಡ್ಡಿಯಿಲ್ಲ. ಅದು ‘ನೇರವಾಗಿ’ ಅಲ್ಲವಲ್ಲ! 20 ಗಜದಾಚೆಯ ಗೋಲು ಗಾಜಿನಲ್ಲಿ ಕಂಡರೆ ಅಪರಾಧ, ಉಪಗ್ರಹಕ್ಕೆ ಹೋಗಿ ವಾಪಸು ಬಂದರೆ ಮನರಂಜನೆ. ಹೊರಗೆ ಮೊದಲು ಕೂಗು, ಒಳಗೆ ಕೆಲವು ಸೆಕೆಂಡು ಬಿಟ್ಟು ಗೋಲು.

ಇಷ್ಟೆಲ್ಲ ಮಾಡಿದ್ದು ಜನ ಕಡಿಮೆ ಕುಡಿಯಲಿ ಎಂದು. ಲೆಕ್ಕ ಹಾಕಿ: ವಿರಾಮ 15 ನಿಮಿಷ. ಬಾರಿನಲ್ಲಿ ಇಬ್ಬರು, ಒಂದು ಲೋಟ ತುಂಬಿಸಿ ದುಡ್ಡು ತೆಗೆದುಕೊಳ್ಳಲು 45 ಸೆಕೆಂಡು ಎಂದರೂ ಒಟ್ಟು 40 ಲೋಟ. ಸಾಲಿನಲ್ಲಿ ಇನ್ನೂರು ಮಂದಿ. ನಲವತ್ತನೆಯವನ ಕೈಗೆ ಲೋಟ ಬರುವಷ್ಟರಲ್ಲಿ ಹೊರಗೆ ಸೀಟಿ. ಕಂಬಿಗೆ ಒರಗಿದ್ದರೆ ಮುಕ್ಕಾಲು ಗಂಟೆ ಎಳೆಯುತ್ತಿದ್ದ 568 ಮಿಲಿಲೀಟರನ್ನು ಅವನು ನಿಂತಲ್ಲೇ, ಔಷಧಿಯ ಹಾಗೆ, ಒಂದೇ ಉಸಿರಿಗೆ ಇಳಿಸುತ್ತಾನೆ. ಚುನಾವಣೆಯ ಡ್ರೈ ಡೇ ಹಿಂದಿನ ರಾತ್ರಿ ನಮ್ಮ ವೈನ್ ಶಾಪುಗಳ ಮುಂದೆ ನಿಂತವರಿಗೆ ಈ ಅರ್ಥಶಾಸ್ತ್ರ ವಿವರಿಸಬೇಕಿಲ್ಲ. ಹೊರಗೆ ಒಯ್ಯಲು ಅನುಮತಿ ಇರುವುದು ಬಾವ್ರಿಲ್ ಎಂಬ ದನದ ಮಾಂಸದ ಸಾರಿಗೆ. ಕುದಿಯುತ್ತಿರುತ್ತದೆ, ಎರಚಿದರೆ ಚರ್ಮ ಕಿತ್ತು ಬರುತ್ತದೆ. ಕಾಯ್ದೆಗೆ ತಕರಾರಿಲ್ಲ.

ಲಾರ್ಡ್ಸ್‌ನಲ್ಲಿ ಟೆಸ್ಟ್ ಕ್ರಿಕೆಟ್ ನೋಡುವವನು ಮನೆಯಿಂದಲೇ ಒಂದು ಬಾಟಲಿ ವೈನ್ ತಂದು ಸೀಟಿನಲ್ಲಿ ಕೂತು ಹೀರಬಹುದು. ಕ್ರಿಕೆಟ್ ನೋಡುತ್ತ ಕುಡಿದರೆ ಸಂಸ್ಕೃತಿ. ಕಾಯ್ದೆ ಹುಡುಕುವುದು ಫುಟ್‌ಬಾಲಿನವನನ್ನು ಮಾತ್ರ.

2021ರ ಜನವರಿಯಲ್ಲಿ ಎಂಟನೇ ಹಂತದ ಮರೀನ್ ಕ್ಲಬ್ಬಿನ ಮೈದಾನಕ್ಕೆ ಎಫ್‌ಎ ಕಪ್ ಆಡಲು ಮೊದಲ ಹಂತದ ಟಾಟನ್‌ಹ್ಯಾಮ್ ಬಂದಿತ್ತು. ಕೋವಿಡ್ ಕಾರಣ ಒಳಗೆ ಪ್ರೇಕ್ಷಕರಿಲ್ಲ. ಆದರೆ ಮೈದಾನಕ್ಕೆ ಬೆನ್ನು ಹಾಕಿ ಮನೆಗಳ ಸಾಲೇ ಇದೆ. ಆ ಹಿತ್ತಲುಗಳಲ್ಲಿ ನಿಂತವರಿಗೆ ಬೇಲಿಯಾಚೆ ಎಲ್ಲ ಕಾಣುತ್ತಿತ್ತು. ಕಾಯ್ದೆ ಅನ್ವಯಿಸುವುದು ಮೈದಾನದೊಳಗಿನ ಜಾಗಕ್ಕೆ ಮಾತ್ರ, ಹಿತ್ತಲಿಗಲ್ಲ. ಹೀಗೆ ಇಂಗ್ಲೆಂಡಿನ ಕಪ್ ಪಂದ್ಯವೊಂದನ್ನು ಕಣ್ಣಾರೆ ನೋಡುತ್ತ ಬಿಯರ್ ಕುಡಿಯುವ ಹಕ್ಕು ಅಂದು ಇದ್ದದ್ದು ಟಿಕೆಟ್ ಕೊಳ್ಳದವರಿಗಷ್ಟೆ.

ಅದೇ ವರ್ಷ ನವೆಂಬರಿನಲ್ಲಿ ಸಂಸದೆ ಟ್ರೇಸಿ ಕ್ರೌಚ್ ಅವರ ವರದಿ ಸರ್ಕಾರದ ಕೈಸೇರಿತು. ನಾಲ್ಕನೇ ಮತ್ತು ಐದನೇ ಹಂತದಲ್ಲಿ ಪರದೆ ಸರಿಸಿ ಒಮ್ಮೆ ಪ್ರಯೋಗ ಮಾಡಿ ನೋಡಿ ಎಂದು ಅದರಲ್ಲಿ ಶಿಫಾರಸು. ವರದಿ ದಪ್ಪಗಿದೆ. ಟೇಪ್ ನಿಲ್ಲದ ಕಿಟಕಿಗೆ ಒತ್ತಿಡಲು ಬರಬಹುದು.

ಮೂರರ ಆಟ ಮುಗಿಯುವಾಗ ಐದು. ಸರಿಯಾಗಿ ಆರಕ್ಕೆ ಬಾರಿನ ಪರದೆ ಸರಿಯುತ್ತದೆ, ಕಸದ ಚೀಲಗಳನ್ನು ಕೀಳುತ್ತಾರೆ. ಈಗ ಲೋಟ ಹಿಡಿದು ಕಂಬಿಯವರೆಗೆ ಹೋಗಬಹುದು. ದೀಪ ಆರಿಸಿದ ಮೈದಾನದಲ್ಲಿ ಮುದುಕನೊಬ್ಬ ಫೋರ್ಕ್ ಹಿಡಿದು, ಕಿತ್ತುಹೋದ ಹುಲ್ಲಿನ ಹೆಂಟೆಗಳನ್ನು ಒಂದೊಂದಾಗಿ ಕಾಲಿನಿಂದ ಒತ್ತಿ ಕೂರಿಸುತ್ತಿರುತ್ತಾನೆ. ಅವನನ್ನು ಎಷ್ಟು ಹೊತ್ತು ಬೇಕಾದರೂ ನೇರವಾಗಿ ನೋಡಬಹುದು.