ಕೊನೆಯ ಸಲದ ಕಾಟ

ದೇಶ ಬಿಟ್ಟು ಹೊರಡುವವರ ಮನೆಯಲ್ಲಿ ತೂಕದ ಯಂತ್ರವೇ ಯಜಮಾನ. ನಿನ್ನೆ ರಾತ್ರಿ 23 ಕಿಲೋ ಮೀರಬಾರದ ಪೆಟ್ಟಿಗೆಯು 23.4 ತೋರಿಸಿತು. ಯಾವ ಸೀರೆಯನ್ನು ಹೊರಗೆ ಹಾಕುವುದೆಂಬ ಸಂಕಟದಲ್ಲಿ ಮುಚ್ಚಳ ತೆರೆದರೆ ಮೂಲೆಯಲ್ಲಿ ಒಂದು ಹಿಡಿ ಮರಳು ಸಿಕ್ಕಿತು. ಅದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಲಹಿಂಚ್‌ನ ಮರಳು. ಹತ್ತು ದಿನಗಳಿಂದ ಅದು ನಮ್ಮ ಕಿವಿಗಳಿಂದ, ಕಾರಿನಿಂದ, ಹಾಸಿಗೆಯಿಂದ, ಒಮ್ಮೆಯಂತೂ ಚಪಾತಿಯಿಂದ ಕೂಡ ಹೊರಬಂದಿದೆ. ಅದನ್ನು ಗುಡಿಸುವಾಗಲೆಲ್ಲ ನನಗೆ ಸಿಟ್ಟು ಬರುವುದು ಮರಳಿನ ಮೇಲಲ್ಲ, ನಮ್ಮವರ ಮೇಲೆ.

ಡಬ್ಲಿನ್‌ನಲ್ಲಿ ನಾವಿದ್ದದ್ದು ಎಂಟು ವರ್ಷ. ಪಶ್ಚಿಮದ ಕಡಲನ್ನು ನೋಡಿ ಬರೋಣವೆಂದು ನಾನು ಕೇಳಿದಾಗಲೆಲ್ಲ ಇವರು ಕಿಟಕಿಯಾಚೆಗಿನ ಮಳೆಯತ್ತ ಬೆರಳು ತೋರಿಸಿ "ಬರುವ ಬೇಸಗೆಗೆ ನೋಡುವ" ಎನ್ನುತ್ತಿದ್ದರು. ಬೆಂಗಳೂರಿನ ಟಿಕೆಟ್ ಕೈಗೆ ಬಂದ ದಿನವೇ ಇವರಿಗೆ 'ಇದೇ ಕೊನೆಯ ಸಲ' ಎಂಬ ಜಾಡ್ಯ ಅಂಟಿಕೊಂಡಿತು. ಹಸಿರು ಡಬ್ಬದ ಕಸವನ್ನು ಹೊರಗಿಡುವುದು ಕೊನೆಯ ಸಲ, ಬಸ್ಸಿನಿಂದಿಳಿಯುವಾಗ ಚಾಲಕನಿಗೆ ಥ್ಯಾಂಕ್ಸ್ ಹೇಳುವುದು ಕೊನೆಯ ಸಲ, ನೆನೆಯುವುದು ಕೊನೆಯ ಸಲ. ಹೀಗೆ ಕೊನೆಯದೆಂದು ಇವರು ಘೋಷಿಸಿದ ಮಳೆಗಳ ಸಂಖ್ಯೆ ಇವತ್ತಿಗೆ ಹದಿನಾಲ್ಕು. ಅರ್ಧ ಬೆಲೆಗೆ ಮಾರಲಿಟ್ಟ ಸೋಫಾವನ್ನು ಮೂರನೆಯ ಮಹಡಿಗೆ ಪುಕ್ಕಟೆಯಾಗಿ ಹೊತ್ತು ತಂದುಕೊಡಬೇಕೆಂದು ಕೇಳಿದವನಿಗೂ "ನಾವು ಈ ದೇಶದಲ್ಲಿ ಮಾರುವ ಕೊನೆಯ ಸೋಫಾ" ಎಂದು ಉತ್ತರಿಸಿದರು. ಮೊದಲನೆಯದೂ ಅದೇ.

ಅಂಥವರು ಒಂದು ಶುಕ್ರವಾರ ನನ್ನನ್ನು ಕೇಳದೆಯೇ ಕ್ಲೇರ್ ಕೌಂಟಿಯ ಲಹಿಂಚ್‌ನಲ್ಲಿ ಇಬ್ಬರಿಗೂ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯಲ್ಲಿ ಜಾರುವ ಪಾಠ ಗೊತ್ತುಮಾಡಿಬಿಟ್ಟರು. ಸುದ್ದಿ ತಿಳಿದ ಅಮ್ಮ ಫೋನಿನಲ್ಲಿ, "ಮನೆಯಿಂದ ನಾಲ್ಕು ಹೆಜ್ಜೆಗೆ ಕಡಲುಂಟು, ಅಲ್ಲಿ ಹಣ ಕೊಟ್ಟು ಮುಳುಗುವುದೆಂತಕ್ಕೆ?" ಎಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ನನ್ನ ತವರು ಮಂಗಳೂರಿನ ಹತ್ತಿರದ ಹಳೆಯಂಗಡಿ. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ರಾಷ್ಟ್ರ ಮಟ್ಟದ ಸರ್ಫಿಂಗ್ ಸ್ಪರ್ಧೆಯೇ ನಡೆದಿತ್ತು, ಮೂಲ್ಕಿಯಲ್ಲಿ ಅದನ್ನು ಕಲಿಸುವವರೂ ಇದ್ದಾರೆ. ಆ ಬೆಚ್ಚಗಿನ ನೀರಿನಲ್ಲಿ ಮೊಣಕಾಲು ದಾಟಲು ಬಿಡದೆ ನನ್ನನ್ನು ಬೆಳೆಸಿದವರು ಅಮ್ಮನೇ ಎಂಬುದನ್ನು ಮಾತ್ರ ನಾನು ನೆನಪಿಸಲಿಲ್ಲ.

ಹೋಗುವ ದಾರಿಯಲ್ಲಿ, ಎಂ7 ಹೆದ್ದಾರಿಯ ಬಳಿ ಮನಿಗಾಲ್ ಎಂಬ ಊರು ಸಿಗುತ್ತದೆ. ಒಬಾಮರ ತಾಯಿಯ ಕಡೆಯ ಪೂರ್ವಜರೊಬ್ಬರು ಅಲ್ಲಿಂದ ಅಮೆರಿಕಕ್ಕೆ ಹೋದವರೆಂಬ ಹೆಮ್ಮೆಗೆ ಹೆದ್ದಾರಿಯ ಪೆಟ್ರೋಲ್ ಬಂಕಿಗೂ ಒಬಾಮ ಪ್ಲಾಜಾ ಎಂದೇ ಹೆಸರಿಟ್ಟಿದ್ದಾರೆ. ಊರು ಬಿಟ್ಟವರಿಗೆ ಅಲ್ಲಿ ಇಷ್ಟು ಮರ್ಯಾದೆಯಿರುವುದನ್ನು ಕಂಡು ಪುಳಕಗೊಂಡ ಇವರು, ಕಾಫಿ ಕೊಟ್ಟ ಹೆಂಗಸಿಗೆ ನಾವು ದೇಶ ಬಿಡುತ್ತಿರುವ ಸಂಗತಿಯನ್ನು ವಿವರವಾಗಿ ತಿಳಿಸಿದರು. ಹಿಂದೆ ಆರು ಜನ ಸಾಲಿನಲ್ಲಿ ನಿಂತಿದ್ದರು. ಆಕೆ "ಸೇಫ್ ಹೋಮ್" ಎಂದು ನಕ್ಕಳು. ಸುಖವಾಗಿ ಮನೆ ಸೇರಿ ಎಂಬ ಈ ಮಾತನ್ನು ಐರಿಷರು ಪಕ್ಕದ ಬೀದಿಗೆ ಹೊರಟವರಿಗೂ ಹೇಳುತ್ತಾರೆ. ಇವರು ಮಾತ್ರ ಅದನ್ನು ಸರಕಾರಿ ಬೀಳ್ಕೊಡುಗೆಯಂತೆ ಸ್ವೀಕರಿಸಿದರು.

ಲಹಿಂಚ್‌ನ ಗಾಲ್ಫ್ ಮೈದಾನದಲ್ಲಿ ಹವಾಮಾನ ಹೇಳುವ ಆಡುಗಳಿವೆ. ಅವು ಕ್ಲಬ್ಬಿನ ಕಟ್ಟಡದ ಹತ್ತಿರ ಬಂದರೆ ಮಳೆ, ದೂರದ ದಿಬ್ಬಗಳಲ್ಲಿ ಮೇಯುತ್ತಿದ್ದರೆ ಬಿಸಿಲು ಎಂಬುದು ಅಲ್ಲಿಯವರ ಲೆಕ್ಕ. ನಾವು ತಲುಪಿದಾಗ ಅವು ಗೋಡೆಗೆ ಒತ್ತಿಕೊಂಡೇ ನಿಂತಿದ್ದವು. "ಈ ಆಡುಗಳನ್ನು ನೋಡುವುದು ಇದೇ ಕೊನೆಯ ಸಲ ಮಾರಾಯ್ತಿ" ಎಂದು ಇವರು ನಿಟ್ಟುಸಿರುಬಿಟ್ಟರು. ಎಂಟು ವರ್ಷಗಳಲ್ಲಿ ಒಮ್ಮೆಯೂ ಕಾಣದ ಆಡುಗಳಿಗಾಗಿ ಹೀಗೆ ಕಣ್ಣು ಒದ್ದೆ ಮಾಡಿಕೊಳ್ಳಲು ಇವರಿಂದ ಮಾತ್ರ ಸಾಧ್ಯ.

ವೆಟ್‌ಸೂಟ್ ಎಂಬ ರಬ್ಬರ್ ಉಡುಪನ್ನು ಹಾಕಿಕೊಳ್ಳಲು ನಮಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಮೈಗೂ ರಬ್ಬರಿಗೂ ನಡುವೆ ಸೇರಿದ ತೆಳುವಾದ ನೀರನ್ನು ಮೈಯ ಕಾವೇ ಬೆಚ್ಚಗಾಗಿಸುತ್ತದಂತೆ. ಆದ್ದರಿಂದ ಅದು ಬಿಗಿಯಾಗಿಯೇ ಇರಬೇಕು. ಇವರು ಜಿಪ್ಪನ್ನು ಎದೆಯ ಕಡೆಗೆ ಬರುವಂತೆ ಹಾಕಿಕೊಂಡು, ಬಿಚ್ಚಿ, ಮತ್ತೆ ತುರುಕಿಕೊಂಡು ಹೊರಬಂದಾಗ ಥೇಟ್ ಹಬೆಯಲ್ಲಿ ಬೆಂದ ಮೂಡೆಯಂತೆ ಕಾಣುತ್ತಿದ್ದರು. ಕಲಿಸುವ ಹುಡುಗ ಮೊದಲು ಮರಳಿನ ಮೇಲೆಯೇ ನಮ್ಮನ್ನು ಬೋರಲು ಮಲಗಿಸಿ ಕೈ ಬೀಸಿಸಿದ, ಬಳಿಕ ನೆಗೆದು ನಿಲ್ಲಿಸಿದ. ಒಣ ನೆಲದಲ್ಲಿ ಇವರು ಅಪ್ರತಿಮ ಸರ್ಫರ್.

ನೀರಿಗಿಳಿದ ಮೇಲೆ ನಡೆದದ್ದೇ ಬೇರೆ. ಸೆಪ್ಟೆಂಬರ್ ತಿಂಗಳಾದ್ದರಿಂದ ನೀರು 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಇದು ವರ್ಷದಲ್ಲೇ ಬೆಚ್ಚಗಿನ ಕಾಲ ಎಂದು ಹುಡುಗ ಅಭಿನಂದಿಸುವ ದನಿಯಲ್ಲಿ ಹೇಳಿದ್ದ. ಅಲೆ ಬಂತು, ಇವರು ಎದ್ದರು, ಬಿದ್ದರು. ಹಲಗೆ ಒಂದು ಕಡೆಗೆ, ಹಲಗೆಗೆ ಕಟ್ಟಿದ ಕಾಲು ಇನ್ನೊಂದು ಕಡೆಗೆ. ಉಪ್ಪುನೀರು ಉಗುಳುತ್ತ ಮೇಲೆದ್ದು "ಇದೊಂದು ಕೊನೆಯ ಅಲೆ" ಎಂದರು. ಮತ್ತೆ ಬಿದ್ದರು. "ಈಗ ನಿಜವಾಗಿ ಕೊನೆಯದು" ಎಂದರು. ಇದು ಎರಡು ಗಂಟೆ ನಡೆಯಿತು. ಒಂದು ಮೊಣಕಾಲ ಮೇಲೆ ಸ್ವಲ್ಪ ಹೊತ್ತು ನಿಂತದ್ದೇ ನನ್ನ ಜೀವಮಾನದ ಸಾಧನೆಯೆಂದು ತೃಪ್ತಳಾದ ನಾನು ದಡದಲ್ಲಿ ನಡುಗುತ್ತ ಎಣಿಸುತ್ತಿದ್ದೆ. ಇಪ್ಪತ್ತೇಳು ಕೊನೆಯ ಅಲೆಗಳಾದವು. ಇಪ್ಪತ್ತೆಂಟನೆಯದರ ಮೇಲೆ ಇವರು ಎರಡು ಸೆಕೆಂಡು ನೆಟ್ಟಗೆ ನಿಂತರು. ನಾನು ಆಗ ಮೂಗು ಒರೆಸಿಕೊಳ್ಳುತ್ತಿದ್ದೆ, ನೋಡಲಿಲ್ಲ. ಆ ವಿಷಯದಲ್ಲಿ ನನಗೆ ಇನ್ನೂ ಕ್ಷಮೆ ದೊರೆತಿಲ್ಲ.

ಸಂಜೆ ಒದ್ದೆ ವೆಟ್‌ಸೂಟುಗಳನ್ನು ಹಿಂದಿರುಗಿಸಿದಾಗ ಹುಡುಗ ಅವುಗಳನ್ನು ಕಂಬಿಗೆ ತೂಗುಹಾಕುತ್ತ, ತಿರುಗಿ ನೋಡದೆಯೇ "ಸೇಫ್ ಹೋಮ್" ಎಂದ. ಇವರು ಬಾಯಿ ತೆರೆದರು. ಕೊನೆಯ ಸಲದ ಪುರಾಣ ಶುರುವಾಯಿತೆಂದು ನಾನು ಕಾರಿನ ಬೀಗದ ಕೈ ಹುಡುಕತೊಡಗಿದೆ. ಆದರೆ ಇವರು ಏನನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕಡಲಿನ ಕಡೆ ನೋಡಿ, ನನ್ನ ಕೈಯಲ್ಲಿದ್ದ ಒದ್ದೆ ಟವೆಲನ್ನು ತೆಗೆದುಕೊಂಡು ನಡೆದರು. ಡಬ್ಲಿನ್‌ವರೆಗೂ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಆ ಟವೆಲನ್ನು ಕೊಡವದೆ ಪೆಟ್ಟಿಗೆಗೆ ಸೇರಿಸಿದವರೂ ಇವರೇ. ಮರಳನ್ನು ತೆಗೆದು ಮತ್ತೆ ತೂಗಿದೆ. 23.3.